ಆಯಿಗೆ ಸಿಹಿ ಕೊಟ್ಟವರು ಯಾರು

ಬಚ್ಚಲಮನೆಯ ಕಟ್ಟೆಯ ಮೇಲೆ ಒಂದು ಸ್ಪಿರಿಟ್ ದೀಪ, ಒಂದು ಗಾಜಿನ ನಳಿಗೆ, ಅದನ್ನು ಹಿಡಿಯಲು ಅರಿವೆ ಒಣಹಾಕುವ ಕಟ್ಟಿಗೆಯ ಕ್ಲಿಪ್ಪು, ನೀಲಿ ಔಷಧಿಯ ಬಾಟಲಿ. ಆ ವರ್ಷ ನನ್ನ ಮುಂಜಾನೆ ಶುರುವಾಗುತ್ತಿದ್ದುದು ಇವುಗಳಿಂದ. ನಳಿಗೆಗೆ ನೀಲಿ ಔಷಧಿ ಹಾಕಿ, ನಮ್ಮ ಅತ್ತೆಯ ಮೂತ್ರದ ಎಂಟು ಹನಿ ಬಿಟ್ಟು, ದೀಪದ ಮೇಲೆ ಕುದಿಸಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಸ್ವಲ್ಪ ಹೆಚ್ಚಿದ್ದರೆ ಹಸಿರು, ಇನ್ನೂ ಹೆಚ್ಚಿದ್ದರೆ ಅರಿಷಿಣ, ಮಿತಿ ಮೀರಿದ್ದರೆ ಇಟ್ಟಂಗಿ ಬಣ್ಣ. ಬಿಜಾಪುರದ ದವಾಖಾನೆಯ ಕಂಪೌಂಡರ್ ನನಗೆ ಇದನ್ನು ಎರಡು ಸಲ ಮಾಡಿ ತೋರಿಸಿ, ಮೂರನೆಯ ಸಲ ನನ್ನಿಂದಲೇ ಮಾಡಿಸಿ, "ಪಾಸಾದ್ರಿ ನೋಡ್ರಿ ಅಕ್ಕಾರ" ಅಂದಿದ್ದ. ಬೆರಳು ಚುಚ್ಚಿ ನೋಡುವ ಮಿಷನ್ನು ಆಗಿನ್ನೂ ನಮ್ಮಂಥವರ ಮನೆಗೆ ಬಂದಿರಲಿಲ್ಲ. ತೊಂಬತ್ತರ ದಶಕ ಮುಗಿಯಲು ಬಂದಿತ್ತು.

ದಿನದಿನದ ಬಣ್ಣವನ್ನು ಮಗಳ ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆದಿಡುತ್ತಿದ್ದೆ. ಸೋಮವಾರ ಹಸಿರು. ಮಂಗಳವಾರ ಇಟ್ಟಂಗಿ. ಬುಧವಾರ ಅರಿಷಿಣ. ಗುರುವಾರ ಹಸಿರು. ಶುಕ್ರವಾರ ಮತ್ತೆ ಇಟ್ಟಂಗಿ. ಶನಿವಾರ ಅರಿಷಿಣ. ರವಿವಾರ ಇಟ್ಟಂಗಿ.

ಮನೆಯಲ್ಲಿ ಹೊರಗೆ ಕಾಣುವಂತೆ ಸಿಹಿಯೇ ಇರಲಿಲ್ಲ. ಬೆಲ್ಲದ ಪೆಂಟಿ, ಸಕ್ಕರೆ ಡಬ್ಬಿ ಎರಡೂ ಕಬ್ಬಿಣದ ಟ್ರಂಕಿನೊಳಗೆ. ಟ್ರಂಕಿಗೆ ಕೀಲಿ. ಕೀಲಿಕೈ ನನ್ನ ಕೊರಳ ದಾರದಲ್ಲಿ. ಹಾಗಿದ್ದೂ ವಾರಕ್ಕೆ ಮೂರು ಸಲ ನಳಿಗೆ ಕೆಂಪಾಗುತ್ತಿತ್ತು ಅಂದರೆ, ಯಾರೋ ಕೊಡುತ್ತಿದ್ದರು. ಮನೆಯವರೇ ಯಾರೋ.

ಇಲ್ಲಿ ನಮ್ಮ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಆಕೆಯನ್ನು ಮನೆಯಲ್ಲಿ ಮಕ್ಕಳು, ಸೊಸೆಯಂದಿರು, ಓಣಿಯ ಮಂದಿ ಎಲ್ಲರೂ ಆಯಿ ಅನ್ನುತ್ತಿದ್ದೆವು. ಹುಟ್ಟಿದ್ದು ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ, ಭೀಮಾ ನದಿಯ ದಂಡೆಗೆ. ಹನ್ನೊಂದನೆಯ ವಯಸ್ಸಿಗೆ ಮದುವೆಯಾಗಿ ಚಕ್ಕಡಿಯಲ್ಲಿ ಬಸವನ ಬಾಗೇವಾಡಿಗೆ ಬಂದಳು. ದಾರಿಯಲ್ಲಿ ಬಂಡಿ ನಿಂತಲ್ಲೆಲ್ಲ ತವರಿನವರು ಕೊಟ್ಟ ಬಾಂಡೆಗಳನ್ನು ಎಣಿಸುತ್ತ ಬಂದಳಂತೆ. ಊರು ಮುಟ್ಟಿದಾಗ ಒಂದು ತಂಬಿಗೆ ಕಡಿಮೆ. ಬಂಡಿ ಹೊಡೆದವನೇ ತೆಗೆದ ಅಂತ ಆಕೆಯ ತೀರ್ಮಾನ. ಆ ಬಂಡಿಯವನು ಸತ್ತು ಎಷ್ಟೋ ವರ್ಷಗಳಾಗಿದ್ದವು. ಅವನ ಮೊಮ್ಮಗ ನಮ್ಮ ಕಟ್ಟೆಯ ಮುಂದೆ ಹಾದುಹೋದರೆ ಆಯಿ ಆಗಲೂ ಅವನ ಕೈ ಕಡೆ ನೋಡುತ್ತಿದ್ದಳು.

ಏಳು ಹೆತ್ತು ಮೂರು ಉಳಿಸಿಕೊಂಡವಳು. ಕಡೆಯ ಮಗ, ಅಂದರೆ ನನ್ನ ಗಂಡ, ಇನ್ನೂ ಅಂಬೆಗಾಲಿಡುತ್ತಿದ್ದಾಗ ಮಾವನವರು ತೀರಿಕೊಂಡರು. ಅಂದಿನಿಂದ ಹೊಲ, ಮನೆ, ದನ, ಆಳು, ಬೀಗರು ಎಲ್ಲ ಆಕೆಯೊಬ್ಬಳ ಕಣ್ಣಿನ ಕೆಳಗೆ. ಆ ಕಣ್ಣು ಯಾರನ್ನೂ ನಂಬುತ್ತಿರಲಿಲ್ಲ. ಹಾಲು ಹಾಕುವವಳ ಮುಂದೆಯೇ ಹಾಲಿನಲ್ಲಿ ಬೆರಳದ್ದಿ ಉಗುರಿನ ಮೇಲೆ ಹನಿ ನಿಲ್ಲಿಸಿ ನೋಡುತ್ತಿದ್ದಳು. ಚೀಲದ ಬಾಯಿಗೆ ತನ್ನದೇ ಒಂದು ಗಂಟು ಹಾಕುತ್ತಿದ್ದಳು. ಅದನ್ನು ಬಿಚ್ಚಿದವರಿಗೆ ತಿರುಗಿ ಹಾಗೆ ಕಟ್ಟಲು ಬರುತ್ತಿರಲಿಲ್ಲ. ಜೋಳದ ಹಿಟ್ಟಿನ ಡಬ್ಬಿ ಮುಚ್ಚುವ ಮೊದಲು ಹಿಟ್ಟನ್ನು ಸಪಾಟು ಮಾಡಿ ಅದರ ಮೇಲೆ ತನ್ನ ಅಂಗೈ ಒತ್ತುತ್ತಿದ್ದಳು.

ನಾನು ಹೊರ್ತಿಯಿಂದ ಈ ಮನೆಗೆ ಬಂದ ಮೊದಲ ವಾರ. ಆಯಿ ಹೊಲಕ್ಕೆ ಹೋಗಿದ್ದಾಗ ಬೀಗರು ಬಂದರೆಂದು ಡಬ್ಬಿ ತೆಗೆದು ನಾಲ್ಕು ರೊಟ್ಟಿಯ ಹಿಟ್ಟು ತೆಗೆದೆ. ಆಮೇಲೆ ಹೆದರಿಕೆಯಾಗಿ ಹಿಟ್ಟು ಸಪಾಟು ಮಾಡಿ ನನ್ನ ಕೈ ಒತ್ತಿಟ್ಟೆ. ಸಂಜೆ ಕರೆದಳು.

"ಏ ಸಣ್ಣಾಕಿ, ಬಾ ಇಲ್ಲಿ. ಈ ಕೈ ಯಾರ್ದು?"

"ನಿಮ್ದರಿ."

"ನನ್ನ ಕಿರಿಬೆರಳು ಸೊಟ್ಟ ಐತಿ. ಇದು ನೆಟ್ಟಗ ಐತಿ. ಕಳುವು ಮಾಡಾಕೂ ಸರಿಯಾಗಿ ಕಲಿಸಿಲ್ಲಲ್ಲ ನಿಮ್ಮವ್ವ?"

ನಾನು ಅಳತೊಡಗಿದೆ. ಆಯಿ ನನ್ನ ಕೈ ಹಿಡಿದು ತನ್ನ ಕೈಯ ಗುರುತಿನ ಪಕ್ಕಕ್ಕೆ ಒತ್ತಿಸಿದಳು. "ಇನ್ನ ಎರಡೂ ಇರ್ಲಿ. ನೀ ನನ್ನ ಮ್ಯಾಲ ಕಣ್ಣಿಡು, ನಾ ನಿನ್ನ ಮ್ಯಾಲ ಇಡತೇನಿ" ಅಂದು ನಕ್ಕಳು. ಮುಂದಿನ ವರ್ಷ ನನಗೆ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಹಾಸಿಗೆ ಹಿಡಿದಾಗ ನುಚ್ಚು ಕಲಸಿ ತುತ್ತು ತುತ್ತಾಗಿ ಬಾಯಿಗೆ ಇಟ್ಟವಳೂ ಆಕೆಯೇ. ಪ್ರತಿ ತುತ್ತಿನ ಮೊದಲು ತಾನೊಂದು ಅಗುಳು ತಿಂದು ನೋಡುತ್ತಿದ್ದಳು. ನುಚ್ಚಿನ ಮೇಲೂ ಆಕೆಗೆ ಅನುಮಾನ.

ಎಂಬತ್ತು ದಾಟಿದ ಮೇಲೆ ಒಂದು ದಿನ ಹೊಲದ ಬದುವಿನಲ್ಲಿ ಆಕೆಯ ಬಲಗಾಲಿನ ಕಿರುಬೆರಳಿಗೆ ಜಾಲಿಮುಳ್ಳು ನಟ್ಟಿತು. ತಾನೇ ಕಿತ್ತು ಒಗೆದು ಮನೆಗೆ ಬಂದಳು. ಸಕ್ಕರೆ ಕಾಯಿಲೆ ಇದ್ದುದು ಆಕೆಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ತಿಂಗಳಾದರೂ ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು. ಬಿಜಾಪುರಕ್ಕೆ ಕರೆದುಕೊಂಡು ಹೋದೆವು.

ಡಾಕ್ಟರು ವಯಸ್ಸಾದವರು, ನಮ್ಮ ಕಡೆಯವರೇ. ಗಾಯ ಒತ್ತಿ ನೋಡಿ, "ಆಯಿ, ಎರಡು ತಿಂಗಳು ಟೈಮ್ ಕೊಡತೇನಿ. ಅಷ್ಟರಾಗ ಸಕ್ರಿ ಇಳಿದು ಇದು ಒಣಗಬೇಕು. ಇಲ್ಲಾಂದ್ರ ಮೊಣಕಾಲ ಕೆಳಗ ಕಾಲು ತಗೀಬೇಕಾಕ್ಕೈತಿ" ಅಂದರು.

"ನಿನ್ನ ಕಾಲ ತಗಿ" ಅಂದಳು ಆಯಿ.

ಡಾಕ್ಟರು ನಕ್ಕರು. ನಾವು ನಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಮನಗೂಳಿ ದಾಟಿದ ಮೇಲೆ ಆಯಿ ನನ್ನ ಮಗ್ಗುಲಿಗೆ ಸರಿದು ಸಣ್ಣ ದನಿಯಲ್ಲಿ ಹೇಳಿದಳು:

"ಸಿಂದಗ್ಯಾಗ ನಮ್ಮ ಬೀಗರ ಮುದುಕ ಸತ್ತಾಗ ನೀನೂ ಬಂದಿದ್ದೆಲ್ಲ? ಒಂದು ಕಾಲು ತಗದಿದ್ರು ಅವಗ. ಕುಣ್ಯಾಗ ಕುಂದರ್ಸಾಕ ಬರ್ಲಿಲ್ಲ. ಪಕ್ಕಕ್ಕ ಉಸುಕಿನ ಚೀಲ ಇಟ್ಟ್ರು. ಮೂರು ಸಲ ವಾಲಿತು ಹೆಣ. ಮಂದಿ ಬಾಯಿಗಿ ಸೆರಗು ಹಿಡಕೊಂಡು ನಕ್ಕರು. ನಾ ಕಣ್ಣಾರೆ ನೋಡೇನಿ. ನಾ ಹಂಗ ಹೋಗಾಂಗಿಲ್ಲ ನೋಡು. ನನ್ನ ಪೂರಾ ಕಳಸ್ರಿ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ, ಅಂಗೈಯಲ್ಲಿ ಲಿಂಗವಿಟ್ಟು ಕುಣಿಯಲ್ಲಿ ಕುಂದ್ರಿಸಿ ಮಣ್ಣು ಮಾಡುತ್ತಾರೆ. ಎಪ್ಪತ್ತು ವರ್ಷ ದಿನಾ ಹಾಗೆ ಕೂತು ಲಿಂಗಪೂಜೆ ಮಾಡಿಕೊಂಡವಳಿಗೆ ಸಾವಿನ ಹೆದರಿಕೆ ಇರಲಿಲ್ಲ. ವಾಲುವುದರ ಹೆದರಿಕೆ ಇತ್ತು. ಆ ಬಸ್ಸಿನಲ್ಲೇ ನಾನು, "ಆಯಿ, ನಿಮ್ಮ ಕಾಲಿಗಿ ನಾ ಜವಾಬ್ದಾರಿ" ಅಂದುಬಿಟ್ಟೆ. ಯಾವ ಧೈರ್ಯದ ಮೇಲೆ ಅಂದೆನೋ.

ಆ ದಿನದಿಂದ ಟ್ರಂಕು, ಕೀಲಿ, ನಳಿಗೆ. ಜೋಳದ ರೊಟ್ಟಿ, ಮೆಂತೆಪಲ್ಲೆ, ಹೆಸರುಕಾಳು, ಮಜ್ಜಿಗೆ. ಚಹಾಕ್ಕೆ ಸಕ್ಕರೆ ಬಂದ್. ಆಯಿ ಸಪ್ಪೆ ಚಹಾ ಬಾಯಿಗಿಟ್ಟು, "ಇದು ದನದ ಕಲಗಚ್ಚು" ಅನ್ನುತ್ತ ಕುಡಿಯುತ್ತಿದ್ದಳು. ಮೊದಲ ಹತ್ತು ದಿನ ಬಣ್ಣ ಇಳಿಯಿತು. ಇಟ್ಟಂಗಿ ಹೋಗಿ ಅರಿಷಿಣ, ಅರಿಷಿಣ ಹೋಗಿ ಹಸಿರು. ನನಗೆ ಹುರುಪು ಬಂತು. ಹನ್ನೊಂದನೆಯ ದಿನ, ಒಂದು ಮಂಗಳವಾರ, ನಳಿಗೆ ಮತ್ತೆ ಇಟ್ಟಂಗಿಯಾಯಿತು.

ಔಷಧಿ ಕೆಟ್ಟಿರಬೇಕು ಅಂತ ಮೊದಲು ನನ್ನದೇ ಮೂತ್ರ ಹಾಕಿ ಕುದಿಸಿದೆ. ನೀಲಿ. ಔಷಧಿ ಸರಿಯಿತ್ತು.

ಆಗ ಶುರುವಾಯಿತು ನಮ್ಮ ಮನೆಯ ಅನುಮಾನ.

ನನ್ನ ಮೊದಲ ಕಣ್ಣು ಬಿದ್ದದ್ದು ನೆಗೆಣ್ಣಿಯ ಮೇಲೆ. ಭಾವನವರ ಹೆಂಡತಿ, ನಿಡಗುಂದಿಯವಳು. ಹದಿನೈದು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು ನಾವು. ನಾನು ಬಡಿದರೆ ಆಕೆ ಬೇಯಿಸುವಳು, ಆಕೆ ಬಡಿದರೆ ನಾನು. ಈಗ ನೋಡಿದರೆ ಶನಿವಾರ ಮಧ್ಯಾಹ್ನ ಆಯಿಯ ಹಗ್ಗದ ಹೊರಸಿನ ತುದಿಗೆ ಕೂತು ಸೆರಗಿನ ಮರೆಯಲ್ಲಿ ಏನೋ ಮಾಡುತ್ತಾಳೆ, ನಾನು ಒಳಗೆ ಬಂದ ಕೂಡಲೇ ಸೆರಗು ಝಾಡಿಸಿ ಎದ್ದುಬಿಡುತ್ತಾಳೆ. ಮರುದಿನ ಇಟ್ಟಂಗಿ. ನೋಟುಬುಕ್ಕು ತೆಗೆದು ನೋಡಿದೆ. ಹಿಂದಿನ ರವಿವಾರವೂ ಇಟ್ಟಂಗಿ. ಆಕೆಯ ಸೀರೆ ಒಗೆಯಲು ತೆಗೆದುಕೊಂಡಾಗ ಸೆರಗಿನ ತುದಿ ಮೂಸಿ ನೋಡಿದೆ. ಬೆಲ್ಲದ ವಾಸನೆ ಬಂದಂತಾಯಿತು. ಅನುಮಾನ ಹೊಕ್ಕ ಮೂಗಿಗೆ ಏನು ಬೇಕಾದರೂ ವಾಸನೆ ಬರುತ್ತದೆ, ಅದನ್ನೂ ಬಲ್ಲೆ. ಆದರೆ ಬಂದಿತ್ತು.

ಆಕೆಯ ಕಣ್ಣು ನನ್ನ ಮೇಲಿತ್ತು. ಒಂದು ದಿನ ಹಿಟ್ಟು ನಾದುತ್ತ ಅಂದಳು: "ತಂಗಿ, ಕೀಲಿಕೈ ಯಾರ ಕೊರಳಾಗ ಐತಿ?"

"ನನ್ನ ಕೊರಳಾಗ, ಅಕ್ಕಾ."

"ಮತ್ತ ಬೆಲ್ಲ ತಾನ ನಡಕೊಂಡು ಹೋಗತೈತೇನು?"

"ನಾ ಕೊಡಾಕತ್ತೇನಿ ಅಂತೀಯೇನು?"

"ನಾ ಏನೂ ಅನ್ನಂಗಿಲ್ಲವಾ. ಕೇಳಿದೆ ಅಷ್ಟ."

ಅಂದಿನ ರೊಟ್ಟಿ ಎಲ್ಲ ಸೀಳಿದವು.

ನಾನು ಟ್ರಂಕಿನ ಬೆಲ್ಲಕ್ಕೆ ಹತ್ತಿಯ ದಾರ ಸುತ್ತಿ ಗುರುತು ಇಟ್ಟೆ. ದಾರ ಅಲುಗಲಿಲ್ಲ. ಅಂದರೆ ಸಿಹಿ ಹೊರಗಿನಿಂದ ಬರುತ್ತಿತ್ತು. ಆಯಿಯ ಹಾಸಿಗೆಯಲ್ಲಿ ಕೆಂಪಿರುವೆ ಸಾಲು ಹಿಡಿದಿದ್ದವು. ನನ್ನ ಗಂಡ ಸಾಲಿ ಮಾಸ್ತರ. ಹುಡುಗರ ಪಾಟಿಚೀಲ ತಪಾಸಣೆ ಮಾಡಿದ ಹಾಗೆ ತಲೆದಿಂಬು, ಕೌದಿ, ಔಷಧಿ ಡಬ್ಬಿ ಎಲ್ಲ ಝಾಡಿಸಿ ನೋಡಿದರು. ಹೊರಸಿನ ಸಂದಿಯಲ್ಲಿ ಹುರಿದ ಕಡಲೆಯ ಒಂದು ಪುಟಾಣಿ ಕಾಳು, ಒಂದಿಷ್ಟು ಕೊಬ್ಬರಿಯ ಪುಡಿ. ಆಯಿ ಕೂತಲ್ಲಿಂದಲೇ ಬೈದಳು: "ಹೆತ್ತ ತಾಯಿ ಹಾಸಗ್ಯಾಗ ಪೊಲೀಸನಂಗ ಹುಡುಕತೀಯಲ್ಲೋ, ನಾಚಿಕಿ ಬರಾಂಗಿಲ್ಲ ನಿನಗ?" ಹಾಗೆ ಬೈಯುವಾಗ ಆಕೆ ನನ್ನ ಕಡೆ ನೋಡಲಿಲ್ಲ. ಅದೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಎದುರು ಮನೆಯ ಆಪಾಳನ್ನೂ ನಾನು ಬಿಡಲಿಲ್ಲ. ಮುಸಲ್ಮಾನರ ಮನೆ, ಗಂಡನದು ಸೈಕಲ್ ದುರಸ್ತಿಯ ಅಂಗಡಿ. ಆಕೆ ಆಯಿಗಿಂತ ಇಪ್ಪತ್ತು ವರ್ಷ ಸಣ್ಣವಳು, ಆದರೂ ಇಬ್ಬರಿಗೂ ದಿನಕ್ಕೊಮ್ಮೆ ಮಾತಾಗದಿದ್ದರೆ ನಡೆಯುತ್ತಿರಲಿಲ್ಲ. ಮೊಹರಮ್ಮಿಗೆ ಆಕೆಯ ಮನೆಯ ಸಿಹಿ ಚೊಂಗೆ ನಮ್ಮಲ್ಲಿಗೆ, ಸಂಕ್ರಮಣಕ್ಕೆ ನಮ್ಮ ಮಾದಲಿ ಆಕೆಯಲ್ಲಿಗೆ. ಗುರುವಾರ ಆಕೆ ಬಂದಾಗ ನಾನು ಬಾಗಿಲಲ್ಲಿ ನಿಂತು ಆಕೆಯ ಕೈ ನೋಡತೊಡಗಿದೆ. ಆಪಾ ಗಮನಿಸಿದಳು. ಎರಡೂ ಕೈ ಎತ್ತಿ ಅಂಗೈ ತೋರಿಸಿ, "ಬಳಿ ಅಷ್ಟ ಅದಾವವಾ, ನೋಡು" ಅಂದಳು. ನಕ್ಕೇ ಅಂದಳು. ನನ್ನ ಮೋರೆಗೆ ಬಿಸಿ ಹತ್ತಿತು. ಮರುದಿನ ಮುಂಜಾನೆ ನಳಿಗೆ ಮತ್ತೆ ಕೆಂಪಾದಾಗ ಆ ನಾಚಿಕೆಯೂ ಹೋಯಿತು.

ಡಾಕ್ಟರು ಕೊಟ್ಟ ಎರಡು ತಿಂಗಳಲ್ಲಿ ಇಪ್ಪತ್ತು ದಿನ ಉಳಿದಿದ್ದವು. ಗಾಯದಿಂದ ನೀರು ಬರುತ್ತಿತ್ತು. ದಿನಾ ಎರಡು ಸಲ ಬಿಸಿನೀರಿನಲ್ಲಿ ಹತ್ತಿ ಅದ್ದಿ ಒರೆಸುವಾಗ ಆಯಿ ತನ್ನ ಕಾಲನ್ನು ಬೇರೆಯವರ ಕಾಲಿನಂತೆ ನೋಡುತ್ತಿದ್ದಳು. "ಕಪ್ಪು ಪಾದಕ್ಕ ಏರೈತೇನು?" ಅಂತ ಕೇಳುವಳು. "ಇಲ್ಲರಿ" ಅಂದರೆ ನಂಬದೆ ತಾನೇ ಬಗ್ಗಿ ನೋಡುವಳು. ಗುಡಿಗೆ ಹೋದಾಗಲೂ ನನ್ನ ತಲೆಯಲ್ಲಿ ಅದೇ. ಕೈಮುಗಿದು ನಿಂತು ಯಾರು ಕೊಡುತ್ತಿದ್ದಾರೆ ಅಂತ ಲೆಕ್ಕ ಹಾಕುತ್ತಿದ್ದೆ.

ಆಗ ಮುದ್ದೇಬಿಹಾಳದಿಂದ ನಾದಿನಿ ಬಂದರು. ಆಯಿಯ ಒಬ್ಬಳೇ ಮಗಳು, ನನ್ನ ಗಂಡನಿಗಿಂತ ಹನ್ನೆರಡು ವರ್ಷ ದೊಡ್ಡವರು. ಫೋನಿನಲ್ಲಿ ದಿನಾ ಬಣ್ಣ ಕೇಳಿ ಕೇಳಿ ತಾಳ್ಮೆ ತಪ್ಪಿ ಮುಂಜಾನೆಯ ಮೊದಲ ಬಸ್ಸಿಗೇ ಹತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಈ ಮನ್ಯಾಗ ನಮ್ಮವ್ವನ ಕಾಲು ಯಾರಿಗಿ ಬ್ಯಾಡಾಗೈತಿ ಹೇಳ್ರಿ. ಇವತ್ತ ನನಗ ಗೊತ್ತಾಗಬೇಕು."

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ಮೂಸಿದರು. ಟ್ರಂಕು ತೆಗೆಸಿ ನನ್ನ ದಾರ ನೋಡಿದರು. ನೆಗೆಣ್ಣಿಯ ಡಬ್ಬಿಗಳ ಮುಚ್ಚಳ ತೆಗೆದರು. ಆಪಾಳನ್ನೂ ಕರೆಸಿದರು. ಕಡೆಗೆ ಎಲ್ಲರನ್ನೂ ದೇವರ ಜಗಲಿಯ ಮುಂದೆ ಕೂಡಿಸಿ, ವಿಭೂತಿಯ ತಟ್ಟೆ ನಡುವೆ ಇಟ್ಟರು. ಆಯಿಯ ಹೊರಸನ್ನು ಅಲ್ಲಿಗೇ ಎಳೆದು ತಂದರು.

"ಮುಟ್ಟಿ ಹೇಳ್ರಿ. ಆಯಿಗಿ ನಾ ಸಿಹಿ ಕೊಟ್ಟಿಲ್ಲ ಅಂತ. ಸುಳ್ಳು ಹೇಳಿದವರ ಕೈ ನೋಡಕೊಳ್ಳಲಿ ದೇವರು."

ಭಾವನವರು ಮುಟ್ಟಿದರು. ನನ್ನ ಗಂಡ ಮುಟ್ಟಿದರು. ನೆಗೆಣ್ಣಿ ಮುಟ್ಟಿ, ನನ್ನ ಕಡೆ ನೋಡುತ್ತ, "ನಾ ಆಯಿಗಿ ಸಿಹಿ ಕೊಟ್ಟಿಲ್ಲ" ಅಂದಳು. ದನಿ ಒಂದಿಷ್ಟೂ ಅಲುಗಲಿಲ್ಲ. ನಾನು ಮುಟ್ಟಿ ಹೇಳಿದೆ. ನನ್ನ ದನಿಯೂ ಅಲುಗಲಿಲ್ಲ. ನಿಜವನ್ನೇ ಹೇಳುತ್ತಿದ್ದೇನೆಂದು ನನಗೆ ಪೂರಾ ಖಾತ್ರಿಯಿತ್ತು. ಆಪಾ ಬಾಗಿಲ ಹತ್ತಿರವೇ ನಿಂತು, "ಅಲ್ಲಾನ ಆಣಿ, ನಾನೂ ಕೊಟ್ಟಿಲ್ಲ" ಅಂದಳು. ನಾದಿನಿ ಕಡೆಗೆ ತಾವೂ ಮುಟ್ಟಿದರು: "ಹಡದವ್ವಗ ನಾನರೆ ಯಾಕ ಕೊಡಲಿ?"

ಯಾರೂ ಸುಳ್ಳು ಹೇಳಿದಂತೆ ಕಾಣಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಯಿ ಮಾತ್ರ ಹೊರಸಿನ ಮೇಲೆ ಕೂತು ಒಬ್ಬೊಬ್ಬರನ್ನೇ ನೋಡುತ್ತಿದ್ದಳು, ಸಂತೆಯಲ್ಲಿ ಬೇರೆಯವರ ಜಗಳ ನೋಡಿದ ಹಾಗೆ.

ನಾದಿನಿ ನಿಟ್ಟುಸಿರು ಬಿಟ್ಟು ತಮ್ಮ ಕೈಚೀಲ ತೆಗೆದರು. ಬಸ್ ಸ್ಟ್ಯಾಂಡಿನಿಂದ ಬರುತ್ತ ಬಸವಣ್ಣನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಿದ್ದರು. ಕೊಬ್ಬರಿ ಚೂರು, ಸಕ್ಕರೆ, ಒಂದು ಬಾಳೆಹಣ್ಣು ಕಲಸಿದ ಪೊಟ್ಟಣ ಬಿಚ್ಚಿ, ಮೊದಲು ಆಯಿಯ ಅಂಗೈಗೆ ಒಂದು ಹಿಡಿ ಹಾಕಿದರು. ಆಮೇಲೆ ನಮಗೆಲ್ಲ ಒಂದೊಂದು ಚಿಟಿಕೆ. ನಾವೆಲ್ಲ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡೆವು. ಆಯಿಯೂ ಹಾಕಿಕೊಂಡಳು.

ನನ್ನ ಹಲ್ಲಿಗೆ ಸಕ್ಕರೆಯ ಹರಳು ಕರಕರ ಅಂದಿತು. ಆಗ ತಿಳಿಯಿತು.

"ಅಕ್ಕಾರ," ಅಂದೆ, "ಆಯಿ ಕೈಯಾಗ ಏನು ಹಾಕಿದ್ರಿ?"

"ಪ್ರಸಾದ."

"ಅದು ಸಕ್ರಿ ಅಲ್ಲೇನ್ರಿ?"

"ಹುಚ್ಚಿ, ಪ್ರಸಾದಕ್ಕ ಸಕ್ರಿ ಅಂತಾರೇನು?"

ನಾದಿನಿ ತಮ್ಮ ಅಂಗೈಗೆ ಹತ್ತಿದ ಸಕ್ಕರೆಯನ್ನು ನೋಡಿಕೊಂಡರು. ಒಂದೇ ನಿಮಿಷದ ಹಿಂದೆ ವಿಭೂತಿ ಮುಟ್ಟಿದ ಕೈ ಅದು.

ನಾನು ನೋಟುಬುಕ್ಕು ತಂದೆ. ಮಂಗಳವಾರ ಇಟ್ಟಂಗಿ. ಸೋಮವಾರ ಗುಡಿಗೆ ಹೋಗಿ ಪ್ರಸಾದ ತಂದು ಆಯಿಗೆ ಕೊಡುತ್ತಿದ್ದವಳು ನಾನು. ನಾನೇ. ಆಯಿ ನನ್ನನ್ನು ಒಬ್ಬಳನ್ನೇ ಕರೆದು, "ನನ್ನ ಕಾಲಿಗಿ ಬಸವಣ್ಣಗ ಹರಕಿ ಹೊತ್ತೇನಿ, ಸೋಮಾರ ಸೋಮಾರ ಹೋಗಿ ಬಾ. ಯಾರ ಮುಂದೂ ಹೇಳಬ್ಯಾಡ, ಹೇಳಿದ್ರ ಹರಕಿ ಫಲಿಸಂಗಿಲ್ಲ" ಅಂದಿದ್ದಳು. ಬಾಳೆಹಣ್ಣು, ಸಕ್ಕರೆ, ಕೊಬ್ಬರಿ ಹಿಡಿ ತುಂಬ ಕೊಟ್ಟು, ಕೆಳಗೆ ಬೀಳದಂತೆ ನನ್ನ ಸೆರಗು ಒಡ್ಡುತ್ತಿದ್ದೆ. ಮರುದಿನ ನಳಿಗೆ ಕುದಿಸಿ ಊರ ಮಂದಿಯನ್ನೆಲ್ಲ ಅನುಮಾನಿಸುತ್ತಿದ್ದೆ.

"ಅಕ್ಕಾ, ಶನಿವಾರ ನೀ ಏನು ಕೊಡತಿದ್ದಿ?"

ನೆಗೆಣ್ಣಿಯ ಮುಖ ಬಿಳಿಚಿತು. "ಹನುಮಪ್ಪನ ಗುಡಿದು... ಪುಟಾಣಿ ಬೆಲ್ಲ. ನನಗ ಯಾರ ಮುಂದೂ ಹೇಳಬ್ಯಾಡ ಅಂದಿದ್ಲು."

ಬಾಗಿಲಲ್ಲಿ ಆಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಯಾ ಅಲ್ಲಾ. ಗುರುವಾರ ದರ್ಗಾದ ಬೆಲ್ಲದ ಮಾಲೇದಿ. ಎಲೀಗಿ ಸುತ್ತಿ ನಡುವಿಗಿ ಸಿಗಿಸಿಕೊಂಡು ಬರತಿದ್ದೆ. ಕಾಲಿಗಿ ಬೇಡಕೊಂಡೇನಿ, ಯಾರಿಗೂ ಹೇಳಬ್ಯಾಡ ಅಂದಿದ್ಲು ನಮ್ಮ ಆಯಿ."

ನನ್ನ ಗಂಡ ಕೆಮ್ಮಿದರು. ಅವರದು ಬುಧವಾರ ಸಂಜೆಯ ಮಠದ ಪೇಢೆ, ಅದೂ ಅರ್ಧ ಮಾತ್ರವಂತೆ.

ಎಲ್ಲರೂ ಹೊರಸಿನ ಕಡೆ ತಿರುಗಿದೆವು. ಆಯಿ ಅಂಗೈಯಲ್ಲಿ ಉಳಿದದ್ದನ್ನು ಆಗಲೇ ಬಾಯಿಗೆ ಹಾಕಿಕೊಂಡು, ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

"ಏನ್ ಬೇ ಇದು?" ಅಂದರು ನಾದಿನಿ. ದನಿಯಲ್ಲಿ ಅಳು ಬಂದಿತ್ತು.

"ಏನಾತು? ಒಬ್ಬ ದೇವರ ಮ್ಯಾಲ ಭಾರ ಹಾಕಿ ಕುಂದರಲೇನು? ಅವನೂ ಕೈಬಿಟ್ಟರ? ಅದಕ್ಕ ನಾಕು ಕಡೆ ಹೇಳಿಟ್ಟೆ."

"ಸಿಹಿ ತಿನ್ನಾಕ ಮಾಡಿದಿ ಇದನ್ನ."

"ದೇವರು ಕೊಟ್ಟಿದ್ದರಾಗ ರೋಗ ಇರತೈತೇನ ಹುಡುಗಿ?"

ಆಕೆ ಇದನ್ನು ಬೇಕಂತಲೇ ಮಾಡಿದಳೋ, ನಿಜವಾಗಿ ದೇವರುಗಳನ್ನೇ ನಂಬದೆ ನಾಲ್ಕು ಕಡೆ ಹಂಚಿದಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಹೊರಸಿನಲ್ಲಿ ಬಚ್ಚಿಟ್ಟಂತೆ ಸಿಕ್ಕ ಪುಟಾಣಿ ಕಾಳು ನೆನೆದರೆ ಮೊದಲನೆಯದು ಅನ್ನಿಸುತ್ತದೆ. ಬಸ್ಸಿನಲ್ಲಿ ಆಡಿದ ಮಾತು ನೆನೆದರೆ ಎರಡನೆಯದು.

ಈಗ ಕೊಡಬಾರದು ಅನ್ನುವವರು ಯಾರು? ನಾದಿನಿಗೆ ಆಗಲಿಲ್ಲ. ಗಂಡಸರು ನೆಲ ನೋಡಿದರು. ಪ್ರಸಾದ ಬೇಡ ಅನ್ನುವ ನಾಲಿಗೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಡೆಗೆ ಮಾತಾಡಿದವಳು ಆಪಾ. ಒಳಗೆ ಬಂದು ಹೊರಸಿನ ಕೆಳಗೆ ನೆಲದ ಮೇಲೆ ಕೂತು ಆಯಿಯ ಎಡಗಾಲು ಮುಟ್ಟಿದಳು.

"ಆಯಿ, ನಮ್ಮಲ್ಲಿ ಬ್ಯಾನಿ ಇದ್ದವರಿಗಿ ರಂಜಾನದ ರೋಜಾ ಮಾಫಿ ಐತಿ. ಹೋದ ವರ್ಷ ನಾ ಬಿದ್ದು ಕುಂತಾಗ ಹಿಡೀಲಿಲ್ಲ. ದೇವರು ನನ್ನ ಮ್ಯಾಲ ಸಿಟ್ಟಾದನೇನು? ಅವ ನಿನಗಿಂತ ಶಾಣ್ಯಾ ಅದಾನು. ದರ್ಗಾದಿಂದ ಊದಿ ತರತೇನಿ, ಹಣಿಗಿ ಹಚಕೋ. ಮಾಲೇದಿ ನಾ ತಿಂತೇನಿ."

"ನನ್ನ ಪಾಲಿಂದು ನೀ ತಿಂದ್ರ ಫಲಾ ಯಾರಿಗಿ ಹೋತು?"

"ನಿನಗ. ಬೇಕಾದ್ರ ಬರದ ಕೊಡತೇನಿ."

ಆಯಿ ನನ್ನ ಕಡೆ ತಿರುಗಿ, "ಸಣ್ಣಾಕಿ, ನಿಜ ಹೇಳು. ಇವತ್ತ ಬಿಟ್ಟರ ಕಾಲು ಉಳೀತೈತೇನು?" ಅಂದಳು.

ನನಗೆ ಗೊತ್ತಿರಲಿಲ್ಲ. "ಉಳಿದರೂ ಉಳೀಬಹುದರಿ. ಬಿಡಲಿಲ್ಲಂದ್ರ ಉಳಿಯಂಗಿಲ್ಲ" ಅಂದೆ.

ಅಂದಿನಿಂದ ಪ್ರಸಾದ ಬಂದರೆ ಆಯಿ ಅಂಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟುಬಿಡುತ್ತಿದ್ದಳು. ಅವರು ತಿಂದು ಮುಗಿಸುವವರೆಗೆ ಅವರ ಬಾಯಿಯನ್ನೇ ನೋಡುತ್ತಿದ್ದಳು. ಯಾರೋ ತಮ್ಮ ಪಾಲಿಗಿಂತ ಹೆಚ್ಚು ತಿಂದರು ಅಂತ ದಿನಕ್ಕೊಂದು ತಕರಾರು. ಆದರೆ ನಳಿಗೆ ಇಳಿಯಿತು. ಅರಿಷಿಣ, ಅರಿಷಿಣ, ಹಸಿರು, ಹಸಿರು, ಮತ್ತೊಂದು ಮುಂಜಾನೆ ನೀಲಿಗೆ ಹತ್ತಿರದ ಹಸಿರು. ಅಂದು ನೆಗೆಣ್ಣಿಯನ್ನು ಬಚ್ಚಲಿಗೆ ಕರೆದು ನಳಿಗೆ ತೋರಿಸಿದೆ. ಆಕೆ ನೋಡಿ, "ನಿನ್ನ ಸೆರಗು ನಾ ಮೂಸಿದ್ದೆ ತಂಗಿ" ಅಂದಳು. ನಾನೂ ಮೂಸಿದ್ದೆ ಅಂತ ಹೇಳಲು ನನಗೆ ಇನ್ನೂ ಎಂಟು ದಿನ ಹಿಡಿಯಿತು.

ಕಾಲು ಉಳಿಯಿತು. ಕಿರುಬೆರಳು ಉಳಿಯಲಿಲ್ಲ. ಕಪ್ಪಾದ ಅಷ್ಟನ್ನು ಮಾತ್ರ ತೆಗೆಯುತ್ತೇನೆ ಅಂದರು ಡಾಕ್ಟರು. ಆಯಿ ಒಂದೇ ಕರಾರಿನ ಮೇಲೆ ಒಪ್ಪಿದಳು: ತೆಗೆದ ಬೆರಳು ತನ್ನ ಕೈಗೆ ಕೊಡಬೇಕು. ಕಂಪೌಂಡರ್ ಅದನ್ನು ಹತ್ತಿಯಲ್ಲಿ ಸುತ್ತಿ ಔಷಧಿಯ ಬಾಟಲಿಯಲ್ಲಿ ಹಾಕಿ ತಂದಾಗ, ಹಾಸಿಗೆಯಲ್ಲಿ ಎದ್ದು ಕೂತು, "ಮುಚ್ಚಳ ತಗಿ" ಅಂದಳು. ನಾನು ತೆಗೆದೆ. ಬೆಳಕಿಗೆ ಹಿಡಿಸಿ ಉಗುರು ನೋಡಿದಳು. ಉಗುರಿನ ಮೂಲೆಯಲ್ಲಿ ಕುಂಟೆ ತಾಗಿ ಸೀಳಿದ ಹಳೆಯ ಗುರುತು ಇತ್ತಂತೆ, ಅದನ್ನು ಹುಡುಕಿದಳು.

"ಇದು ನಂದ ಹೌದಿಲ್ಲೋ? ಬ್ಯಾರೇದವರ್ದು ಕೊಟ್ಟೀರಿ ನೋಡ್ರಿ ಮತ್ತ."

"ಆಯಿ, ಇವತ್ತ ಇಡೀ ದವಾಖಾನ್ಯಾಗ ಬೆರಳು ತಗದದ್ದು ನಿಮ್ದೊಂದರಿ" ಅಂದ ಕಂಪೌಂಡರ್.

"ನಿನ್ನೀದು ಉಳಿದಿದ್ರ?"

ಗುರುತು ಸಿಕ್ಕ ಮೇಲೆಯೇ ಬಾಟಲಿ ನನ್ನ ಚೀಲಕ್ಕೆ ಬಂತು. ಹೊಲದಲ್ಲಿ ಮಾವನವರ ಗದ್ದಿಗೆಯ ಪಕ್ಕದ ಜಾಗದಲ್ಲಿ ಗೇಣುದ್ದ ತಗ್ಗು ತೋಡಿಸಿ ಬೆರಳನ್ನು ಮುಚ್ಚಿಸಿದಳು. ಮೇಲೆ ಒಂದು ಕಲ್ಲು ಇಡಿಸಿದಳು. "ಇಲ್ಲೇ ನನ್ನ ಕುಣಿ ತಗೀರಿ, ಬೆರಳು ಮುಂದ ಬಂದು ಕಾಯಾಕತ್ತಿರತೈತಿ" ಅಂದಳು.

ಆಮೇಲೆ ಮೂರು ವರ್ಷ ಬಾಳಿದಳು. ಕೋಲು ಹಿಡಿದು ಕಟ್ಟೆಗೆ ಬರುವಳು, ಹಾಲಿನವಳ ಜೊತೆ ಜಗಳಾಡುವಳು, ಮೊಮ್ಮಗಳ ಮದುವೆಗೆ ಬಂದ ಬೀಗರ ಚೀಲ ಎಣಿಸುವಳು. ಒಂದು ಚಳಿಗಾಲದ ಮುಂಜಾನೆ ಪೂಜೆಗೆ ಕೂತವಳು ಗೋಡೆಗೆ ಒರಗಿದ್ದಳು. ಚಹಾ ತಂದ ನಾನು, "ಆಯಿ" ಅಂದೆ. ಮತ್ತೊಮ್ಮೆ ಅಂದೆ.

ನಾನೂ ನೆಗೆಣ್ಣಿಯೂ ನಾದಿನಿಯೂ ಸೇರಿ ಮೈ ತೊಳೆದೆವು. ಕಾಲನ್ನು ನಾನೇ ತೊಳೆದೆ. ಮಧ್ಯಾಹ್ನದ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಮಂದಿಯೆಲ್ಲ ಹೊಲಕ್ಕೆ ಬಂದರು. ಆಪಾ ನಮ್ಮ ಜೊತೆಗೇ ನಡೆದು ಬಂದಳು. ಕಲ್ಲು ಸರಿಸಿ ಆ ಜಾಗದಲ್ಲೇ ಕುಣಿ ತೆಗೆದಿದ್ದರು. ಭಾವನವರೂ ನನ್ನ ಗಂಡನೂ ಒಳಗಿಳಿದು ಆಕೆಯನ್ನು ಇಳಿಸಿಕೊಂಡರು. ಕಾಲು ಮಡಚಿದರು. ಬೆನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿಗೆ ಹತ್ತಿತು. ಅಂಗೈ ಮೇಲೆ ಲಿಂಗ ಇಟ್ಟರು. ನಾನು ದಂಡೆಯ ಮೇಲೆ ನಿಂತು ಉಸಿರು ಹಿಡಿದು ನೋಡಿದೆ. ವಾಲಲಿಲ್ಲ.

"ಸರಿ ಕುಂತಾಳ, ಮ್ಯಾಲ ಬರ್ರಿ" ಅಂದರು ಸ್ವಾಮಿಗಳು.

ಭಾವನವರು ಮೇಲೆ ಬಂದರು. ನನ್ನ ಗಂಡ ಬರಲಿಲ್ಲ. ಕುಣಿಯಲ್ಲೇ ಕುಕ್ಕರಗಾಲಿನಲ್ಲಿ ಕೂತು ತಾಯಿಯ ಎರಡೂ ಮೊಣಕಾಲನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು.

"ಮಾಸ್ತರ, ಮಣ್ಣು ಹಾಕೂದೈತಿ, ಬರ್ರಿ."

"ತಡೀರಿ, ಇನ್ನೊಂದ ಸಲ ನೋಡತೇನಿ" ಅಂದರು.